ಹೆಸರು ಮುಚ್ಚಿಟ್ಟು ವಿಸ್ಕಿ ಹೋಲಿಸೋದು ಹೇಗೆ? ನಾಲ್ಕು ಬಾಟಲಿ, ಐದು ಜನ

ಹುಬ್ಬಳ್ಳಿ-ಹಿಂಜವಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ಹುಬ್ಬಳ್ಳಿ, ಕೆಲಸ ಪುಣೆಯಲ್ಲಿ. ನಾವು ಐದು ಜನ ಗೆಳೆಯರು, ಎಲ್ಲರೂ ಮೂವತ್ತು ದಾಟಿದವರು, ತಿಂಗಳಿಗೊಂದು ಶನಿವಾರ ನಮ್ಮ ಮನೆಯಲ್ಲಿ ಸೇರುತ್ತೇವೆ. ಮೊದಲೆಲ್ಲ ಯಾವುದೋ ಒಂದು ಬಾಟಲಿ, ಸೋಡಾ, ಮಾತು, ಊಟ, ಇಷ್ಟೇ ಇತ್ತು. ಒಂದು ವರ್ಷದಿಂದ ರುಚಿಯ ಕಡೆ ಗಮನ ಹೋಗಿದೆ. ಈಗ ಕಡಿಮೆ ಕುಡಿಯುತ್ತೇವೆ, ಆದರೆ ಒಳ್ಳೆಯದನ್ನು ಕುಡಿಯುತ್ತೇವೆ.

ಹೋದ ತಿಂಗಳು ನಾಲ್ಕು ಬಾಟಲಿ ಒಟ್ಟಿಗೆ ಇಟ್ಟುಕೊಂಡು ಕೂತೆವು. ಅಮೃತ್ ಫ್ಯೂಷನ್, ಪಾಲ್ ಜಾನ್ ಎಡಿಟೆಡ್, ಇಂದ್ರಿ ಟ್ರಿನಿ, ಈ ಮೂರು ನಮ್ಮ ದೇಶದವು, ನಾಲ್ಕನೆಯದು ಸ್ಕಾಟ್ಲೆಂಡಿನ ಜಾನಿ ವಾಕರ್ ಬ್ಲ್ಯಾಕ್ ಲೇಬಲ್. ಒಬ್ಬೊಬ್ಬರೂ ಹತ್ತಕ್ಕೆ ಅಂಕ ಕೊಡಬೇಕು ಅಂತ ಮಾತು. ಆದರೆ ನಡೆದದ್ದೇ ಬೇರೆ. ಮೊದಲು ಮೂಸಿದವನು "ಹೊಗೆ, ಜೇನು" ಅಂದ. ಉಳಿದ ನಾಲ್ವರಿಗೂ ಹೊಗೆ ಮತ್ತು ಜೇನೇ ಸಿಕ್ಕಿತು. ಮುಂದಿನ ಬಾಟಲಿ ಕೈಗೆ ಬಂದಾಗ ಯಾರೋ ಅದರ ಬೆಲೆ ಹೇಳಿದರು, ಅಂಕ ತಾನಾಗಿ ಏರಿತು. ಕೊನೆಗೆ ಹಾಳೆ ನೋಡಿದರೆ ಬೆಲೆಯ ಪಟ್ಟಿಯೂ ಅಂಕದ ಪಟ್ಟಿಯೂ ಒಂದೇ ಸಾಲಿನಲ್ಲಿದ್ದವು. ನನಗೆ ಇದು ಬೇಜಾರಾಯಿತು. ನಮ್ಮ ನಾಲಿಗೆ ಏನು ಹೇಳಿತು ಅನ್ನೋದು ಆ ಹಾಳೆಯಲ್ಲಿ ಇರಲೇ ಇಲ್ಲ.

ಮುಂದಿನ ಸಲ ಸರಿಯಾಗಿ ಮಾಡಬೇಕು ಅಂತಿದ್ದೇನೆ. ನೀರು ಹಾಕಬೇಕಾ ಬೇಡವಾ? ಯಾವುದು ಮೊದಲು, ಯಾವುದು ಆಮೇಲೆ? ಮೂರನೆಯದಕ್ಕೆ ಬರೋ ಹೊತ್ತಿಗೆ ಎಲ್ಲ ಒಂದೇ ಅನ್ನಿಸುತ್ತದಲ್ಲ, ಅದಕ್ಕೆ ಏನಾದರೂ ದಾರಿ ಇದೆಯಾ? ನಮ್ಮಲ್ಲಿ ಶಿರಸಿಯ ಗೆಳೆಯ ಒಬ್ಬ ಇದ್ದಾನೆ, "ನನಗೆ ಏನೂ ಗೊತ್ತಾಗಲ್ಲ, ನೀವೇ ಬರೆದುಕೊಳ್ಳಿ" ಅಂತ ಪ್ರತಿ ಸಲ ಪಕ್ಕಕ್ಕೆ ಸರಿಯುತ್ತಾನೆ. ಅವನನ್ನೂ ಒಳಗೆ ಎಳೆದುಕೊಳ್ಳಬೇಕು ಅಂತ ಆಸೆ.

ಇನ್ನೊಂದು ಮಾತು. ಗೋವಾದಲ್ಲಿ ಬೆಲೆ ತುಂಬಾ ಕಡಿಮೆ ಅಲ್ವಾ, ಮುಂದಿನ ವಾರ ಒಬ್ಬ ಗೆಳೆಯ ಅಲ್ಲಿಂದ ಕಾರಿನಲ್ಲಿ ಬರುತ್ತಿದ್ದಾನೆ. ಎರಡು ಬಾಟಲಿ ತರಲು ಹೇಳಲಾ?

ಮಾಟುಂಗಾ ಕೌಂಟರ್ ಉತ್ತರಿಸಿದ್ದು:

ಮೊದಲು ಕೊನೆಯ ಪ್ರಶ್ನೆಗೆ ಹೇಳುತ್ತೇನೆ. ತರಿಸಬೇಡಿ ಮಾರಾಯ್ರೇ. ಗೋವಾದಲ್ಲಿ ಮಾರಾಟಕ್ಕಿರುವ ಬಾಟಲಿ ಪರವಾನಗಿ ಇಲ್ಲದೆ ಮಹಾರಾಷ್ಟ್ರಕ್ಕೆ ಬಂದರೆ ಅದು ಅಪರಾಧ. ಗಡಿಯಲ್ಲಿ ತಪಾಸಣೆ ಇರುತ್ತದೆ. ಎರಡು ಬಾಟಲಿ ಆಸೆಗೆ ಗೆಳೆಯನ ಕಾರು ಸಿಕ್ಕಿಬಿದ್ದರೆ ಯಾರಿಗೆ ಬೇಕು? ಇನ್ನು ಮಹಾರಾಷ್ಟ್ರದಲ್ಲಿ ಕುಡಿಯುವವನಿಗೂ ಪರ್ಮಿಟ್ ಇರಬೇಕು, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. 1949ರ ಪಾನನಿಷೇಧ ಕಾಯ್ದೆ ಇನ್ನೂ ಜಾರಿಯಲ್ಲಿದೆ. ನಮ್ಮ ಬಾರುಗಳ ಬೋರ್ಡಿನ ಮೇಲೆ "ಪರ್ಮಿಟ್ ರೂಮ್" ಅಂತ ಇರುತ್ತದಲ್ಲ, ಆ ಹೆಸರು ಬಂದದ್ದೇ ಅಲ್ಲಿಂದ. ಒಂದು ದಿನಕ್ಕೂ ಸಿಗುತ್ತದೆ, ವರ್ಷಕ್ಕೂ ಸಿಗುತ್ತದೆ, ಜೀವನಪೂರ್ತಿಗೂ ಸಿಗುತ್ತದೆ. ಐವರೂ ಮಾಡಿಸಿಕೊಳ್ಳಿ. ವಯಸ್ಸು 25 ಆಗಿರಬೇಕು, ಅದು ನಿಮಗೆ ಆಗಿದೆ.

ಈಗ ವಿಷಯಕ್ಕೆ ಬರೋಣ. ಊರು ಕುಂದಾಪುರದ ಕಡೆ. ಮುಂಬಯಿಗೆ ಬಂದು ಮಾವನ ಪರ್ಮಿಟ್ ರೂಮಿನ ಕೌಂಟರಿನಲ್ಲಿ ನಿಂತವನು, ಇಪ್ಪತ್ತೆರಡು ವರ್ಷ ಅಲ್ಲೇ ಇದ್ದೆ. ಮೂವತ್ತು ಎಂ.ಎಲ್. ಅಳತೆಯ ಕಪ್ಪಿನಲ್ಲಿ ಎಷ್ಟು ಸುರಿದಿದ್ದೇನೆ ಅನ್ನೋದಕ್ಕೆ ಲೆಕ್ಕ ಇಲ್ಲ. ಆ ಅನುಭವದಿಂದ ಹೇಳುತ್ತೇನೆ. ದಿನಾ ಬರುವ ಗಿರಾಕಿಗೆ ತನ್ನ ಬ್ರ್ಯಾಂಡ್ ಚೆನ್ನಾಗಿ ಗೊತ್ತು, ಬೇರೆ ಸುರಿದರೆ ಒಂದೇ ಗುಟುಕಿಗೆ ಮುಖ ಎತ್ತಿ ನೋಡುತ್ತಾನೆ. ಆದರೆ ಏನು ಬೇರೆ ಅಂತ ಕೇಳಿ, ಹೇಳಲು ಬರಲ್ಲ. "ಇದು ಅದಲ್ಲ" ಅಂತಾನೆ, ಅಷ್ಟೇ. ನಾಲಿಗೆಗೆ ಗೊತ್ತಿದೆ, ಬಾಯಿಗೆ ಮಾತು ಸಿಗಲ್ಲ. ನಿಮ್ಮ ಶಿರಸಿಯ ಗೆಳೆಯನದ್ದೂ ಅದೇ ಕಥೆ ಇರಬಹುದು.

ನನ್ನ ಸಲಹೆ ಏನೆಂದರೆ, ಮೊದಲ ಸಲಕ್ಕೇ ಹತ್ತಿರ ಹತ್ತಿರದವನ್ನು ಹೋಲಿಸಬೇಡಿ. ದೂರ ದೂರದವನ್ನು ಇಡಿ. ಒಂದು ಐರಿಶ್, ಒಂದು ಬರ್ಬನ್, ಒಂದು ಹೊಗೆಯ ಸ್ಕಾಚ್. ಐರಿಶ್‌ನಲ್ಲಿ ಹೆಚ್ಚಿನವು ಮೂರು ಸಲ ಬಟ್ಟಿ ಇಳಿಸಿದ್ದು, ಗಂಟಲಿಗೆ ನಯ. ಬರ್ಬನ್ ಅಂದರೆ ಅಮೆರಿಕದ್ದು, ಅದರಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ ಇರಬೇಕು, ಒಳಗಡೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಅಂತ ಕಾನೂನು. ಹೊಸ ಮರ, ಸುಟ್ಟ ಮರ, ಹಾಗಾಗಿ ವೆನಿಲಾ ಮತ್ತು ಸುಟ್ಟ ಸಕ್ಕರೆ ಮೂಗಿಗೆ ನೇರ ಹೊಡೆಯುತ್ತದೆ. ಒಮ್ಮೆ ಬಳಸಿದ ಆ ಪೀಪಾಯಿ ಬರ್ಬನ್‌ಗೆ ಮತ್ತೆ ಬರಲ್ಲ, ಅದು ಸ್ಕಾಟ್ಲೆಂಡಿಗೆ ಹೋಗುತ್ತದೆ, ನಮ್ಮ ದೇಶಕ್ಕೂ ಬರುತ್ತದೆ. ನೀವು ಹೇಳಿದ ಮೂರೂ ಭಾರತದ ವಿಸ್ಕಿಗಳಲ್ಲಿ ಆ ಪೀಪಾಯಿಯ ಗುರುತು ಇದೆ. ಹೊಗೆಯದ್ದಕ್ಕೆ ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರಾಯ್ಗ್ ಅಥವಾ ಆರ್ಡ್‌ಬೆಗ್ ಒಂದು ಚಿಕ್ಕ ಪೆಗ್ ಎಲ್ಲಾದರೂ ಬಾರಿನಲ್ಲಿ ತಗೊಳ್ಳಿ, ಬಾಟಲಿ ಬೇಡ. ಡೆಟಾಲ್ ಬಾಟಲಿ ತೆರೆದ ಹಾಗೆ ಇರುತ್ತದೆ. ಕೆಲವರಿಗೆ ಜನ್ಮದಲ್ಲಿ ಸೇರಲ್ಲ, ಕೆಲವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಒಮ್ಮೆ ಈ ಮೂರು ಮೂಲೆ ಮೂಗಿಗೆ ಗೊತ್ತಾದರೆ, ಉಳಿದದ್ದೆಲ್ಲ ಇವುಗಳ ನಡುವೆ ಎಲ್ಲೋ ಕೂರುತ್ತದೆ.

ನೀರಿನ ವಿಷಯದಲ್ಲಿ ನನ್ನದು ಒಂದೇ ಮಾತು. ಐಸ್ ಬೇಡ. ಸೋಡಾನೂ ಬೇಡ. ಫ್ರಿಜ್ಜಿನಿಂದ ತೆಗೆದ ಪಾಯಸಕ್ಕೆ ಏಲಕ್ಕಿ ಘಮ ಇರಲ್ಲ ನೋಡಿ, ಅದೇ ಲೆಕ್ಕ. ಹೋಲಿಸಿ ಮುಗಿದ ಮೇಲೆ ನಿಮ್ಮಿಷ್ಟದ ಹಾಗೆ ಕುಡಿಯಿರಿ, ನಾನೂ ಸೋಡಾ ಹಾಕಿಯೇ ಕುಡಿಯುವವನು.

ಕೋಥ್ರೂಡ್ ಕನ್ನಡತಿ ಉತ್ತರಿಸಿದ್ದು:

ಕೌಂಟರ್ ಅಣ್ಣ ಹೇಳಿದ್ದು ಬಹುಪಾಲು ಸರಿ. ನಾನು ತಿನಿಸು ತಯಾರಿಸುವ ಒಂದು ಕಂಪನಿಯ ಲ್ಯಾಬಿನಲ್ಲಿ ರುಚಿ ಪರೀಕ್ಷೆಯ ಕೆಲಸ ಮಾಡುತ್ತೇನೆ, ಇಲ್ಲೇ ಪುಣೆಯಲ್ಲಿ. ಬಿಸ್ಕೆಟ್ ಆದರೂ ವಿಸ್ಕಿ ಆದರೂ ಪದ್ಧತಿ ಒಂದೇ. ಹುಬ್ಬಳ್ಳಿಯವರೇ, ನಿಮ್ಮ ಹಾಳೆಯಲ್ಲಿ ಆದದ್ದು ನಮ್ಮ ಲ್ಯಾಬಿನಲ್ಲೂ ಆಗುತ್ತದೆ, ತರಬೇತಿ ಇದ್ದವರಿಗೂ ಆಗುತ್ತದೆ. ಹಾಗಾಗಿ ಗೆಳೆಯರನ್ನು ದೂರಬೇಡಿ, ಏರ್ಪಾಟು ಬದಲಿಸಿ.

ಸುರಿಯುವವರು ಕುಡಿಯಬಾರದು, ಕುಡಿಯುವವರು ಸುರಿಯಬಾರದು. ಇದು ಮೊದಲನೆಯದು, ಇದೊಂದು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಮನೆಯಲ್ಲಿ ಕುಡಿಯದೇ ಇರುವವರು ಯಾರಾದರೂ ಅಡುಗೆಮನೆಯಲ್ಲಿ ಸುರಿದು, ಲೋಟಕ್ಕೆ ನಂಬರ್ ಚೀಟಿ ಅಂಟಿಸಿ, ಯಾವ ನಂಬರ್ ಯಾವುದು ಅಂತ ಬರೆದ ಕಾಗದ ತಮ್ಮ ಹತ್ತಿರವೇ ಇಟ್ಟುಕೊಳ್ಳಲಿ. ಬಣ್ಣ ನೋಡಿಯೂ ಮೋಸ ಹೋಗುತ್ತೇವೆ. ಕಡು ಬಣ್ಣ ಇದ್ದರೆ ಜಾಸ್ತಿ ವರ್ಷದ್ದು ಅಂತ ಮನಸ್ಸು ಹೇಳುತ್ತದೆ, ಆದರೆ ಸ್ಕಾಚ್‌ಗೂ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲಿ ಅವಕಾಶ ಇದೆ. ಲೈಟು ಸ್ವಲ್ಪ ಕಮ್ಮಿ ಮಾಡಿ ಅಥವಾ ಸ್ಟೀಲ್ ಲೋಟದಲ್ಲಿ ಕೊಡಿ. ನಗಬೇಡಿ, ಅಂಚು ಒಳಗೆ ಬಾಗಿದ ಸಣ್ಣ ಸ್ಟೀಲ್ ಲೋಟ ನಿಜವಾಗಿ ಒಳ್ಳೆಯದು. ಬಾಯಿ ಅಗಲ ಇರುವ ಲೋಟದಲ್ಲಿ ಘಮ ಹಾರಿ ಹೋಗುತ್ತದೆ, ಕಿರಿದಾದರೆ ನಿಲ್ಲುತ್ತದೆ. ಸುರಿದ ಮೇಲೆ ಮೇಲೊಂದು ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ.

ಈಗ ನೀರು. ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಫ್ಯೂಷನ್ ಖಡಕ್, ಅದರಲ್ಲಿ ಆಲ್ಕೋಹಾಲ್ ಶೇ 50 ಇರುತ್ತದೆ, ಎಡಿಟೆಡ್ ಮತ್ತು ಟ್ರಿನಿ ಶೇ 46. ನಮ್ಮ ದೇಶದಲ್ಲಿ ಮಾರುವ ಅನೇಕ ಬಾಟಲಿಗಳ ಮೇಲೆ ಶೇ 42.8 ಅಂತ ಇರುತ್ತದೆ, ಅದು ಪ್ರೂಫ್ ಅನ್ನುವ ಹಳೆಯ ಬ್ರಿಟಿಷ್ ಅಳತೆಯ 75 ಡಿಗ್ರಿಯಿಂದ ಬಂದ ಅಂಕಿ. ಇವನ್ನು ಹಾಗೆಯೇ ಪಕ್ಕಪಕ್ಕ ಇಟ್ಟರೆ ನೀವು ರುಚಿ ಹೋಲಿಸುವುದಿಲ್ಲ, ಉರಿ ಹೋಲಿಸುತ್ತೀರಿ. ಎಲ್ಲವನ್ನೂ ಶೇ 40ಕ್ಕೆ ಇಳಿಸಿ. 30 ಎಂ.ಎಲ್. ಫ್ಯೂಷನ್‌ಗೆ 7.5 ಎಂ.ಎಲ್. ನೀರು, 46 ಇರುವುದಕ್ಕೆ 4.5, 42.8 ಇರುವುದಕ್ಕೆ 2.1. ಮಕ್ಕಳ ಔಷಧಿ ಕುಡಿಸುವ ಸಿರಿಂಜ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅಳತೆಗೆ ಅದೇ ಸಾಕು. ಬ್ಲ್ಯಾಕ್ ಲೇಬಲ್ ನಿಮ್ಮ ಬಾಟಲಿಯ ಮೇಲೆ ಎಷ್ಟು ಬರೆದಿದೆಯೋ ನೋಡಿಕೊಂಡು ಲೆಕ್ಕ ಹಾಕಿ.

ನೀರು ಹಾಕಿದರೆ ರುಚಿ ಕೆಡುತ್ತದೆ ಅನ್ನುವವರಿಗೆ ಒಂದು ವಿಷಯ. 2017ರಲ್ಲಿ ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಇಬ್ಬರು ಇದನ್ನು ಕಂಪ್ಯೂಟರಿನಲ್ಲಿ ಅಣು ಅಣುವಾಗಿ ಲೆಕ್ಕ ಹಾಕಿ ನೋಡಿದರು. ಹೊಗೆಯ ವಾಸನೆ ಕೊಡುವ ಗ್ವಾಯಕೋಲ್ ಅನ್ನುವ ಪದಾರ್ಥ, ನೀರು ಬೆರೆತು ಆಲ್ಕೋಹಾಲ್ ಶೇ 45ಕ್ಕಿಂತ ಕೆಳಗೆ ಬಂದಾಗ ಮೇಲ್ಮೈ ಕಡೆಗೆ ಬಂದು ನಿಲ್ಲುತ್ತದೆ. ಖಡಕ್ ಇದ್ದಾಗ ಅದು ಆಲ್ಕೋಹಾಲಿನ ಜೊತೆ ಒಳಗೇ ಇರುತ್ತದೆ. ಮೇಲೆ ಬಂದರೆ ಮೂಗಿಗೆ ಸಿಗುತ್ತದೆ. ಒಂದು ಸಲ ಹತ್ತಿರದಿಂದ ನೋಡಿ. ಬೆಳಕಿಗೆ ಗಾಜಿನ ಲೋಟ ಹಿಡಿದು ಸಿರಿಂಜಿನಿಂದ ಒಂದು ಹನಿ ಬಿಡಿ. ಆ ಹನಿ ಎಣ್ಣೆಯ ಎಳೆಯಂತೆ ಸುರುಳಿ ಸುರುಳಿಯಾಗಿ ಕೆಳಗಿಳಿಯುತ್ತದೆ, ಎರಡು ಮೂರು ಕ್ಷಣ ನಿಂತು ಮಾಯವಾಗುತ್ತದೆ. ಆಗ ಮೂಸಿ. ಮೊದಲು ಮೂಸಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮೂಸುವಾಗ ಬಾಯಿ ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ಆಲ್ಕೋಹಾಲ್ ಮೂಗು ಸುಡುತ್ತದೆ. ಮೂಗು ದಣಿದರೆ ನಿಮ್ಮದೇ ಅಂಗಿಯ ತೋಳು ಮೂಸಿ, ಮೂಗಿಗೆ ಪರಿಚಯದ ವಾಸನೆ, ಅಲ್ಲಿಂದ ಮತ್ತೆ ಶುರು ಮಾಡಬಹುದು. ಅವತ್ತು ಸೆಂಟು ಹಾಕಿಕೊಂಡು ಬರಬೇಡಿ ಅಂತ ಎಲ್ಲರಿಗೂ ಹೇಳಿ, ಊದುಬತ್ತಿ ಹಚ್ಚಬೇಡಿ, ಎಲೆ ಅಡಿಕೆ ಆಮೇಲೆ ಇಟ್ಟುಕೊಳ್ಳಿ. ಚಕ್ನಾ ಕೂಡ ಆಮೇಲೆ. ಕಾಂಗ್ರೆಸ್ ಕಡ್ಲೆ, ಭಾಕರವಡಿ ತಿಂದ ಬಾಯಿಗೆ ಏನೂ ಗೊತ್ತಾಗಲ್ಲ. ನಡುವೆ ಖಾಲಿ ಮಂಡಕ್ಕಿ, ಉಗುರುಬೆಚ್ಚಗಿನ ನೀರು ಸಾಕು. ಒಬ್ಬರಿಗೆ ಒಂದು ಲೋಟಕ್ಕೆ 10 ಎಂ.ಎಲ್.ಗಿಂತ ಜಾಸ್ತಿ ಬೇಡ. ಮೂರನೆಯದರಲ್ಲಿ ಎಲ್ಲ ಒಂದೇ ಅನ್ನಿಸುವುದಕ್ಕೆ ಅರ್ಧ ಕಾರಣ ಮೂಗಿನ ದಣಿವು, ಇನ್ನರ್ಧ ಅಷ್ಟು ಹೊತ್ತಿಗೆ ಹೊಟ್ಟೆಗೆ ಹೋದದ್ದು. ಉಗುಳಲು ಒಂದು ಚೊಂಬು ಇಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಕೊನೆಯದು, ನನಗೆ ತುಂಬಾ ಇಷ್ಟದ್ದು. ನಾಲ್ಕು ಬಾಟಲಿ ಇದ್ದರೆ ಐದು ಲೋಟ ಇಡಿ. ಒಂದನ್ನು ಎರಡು ಸಲ. ಯಾವುದು ಅಂತ ಸುರಿದವರಿಗೆ ಮಾತ್ರ ಗೊತ್ತಿರಲಿ, ಎರಡು ಸಲ ಇದೆ ಅನ್ನುವುದನ್ನೇ ಗೆಳೆಯರಿಗೆ ಹೇಳಬೇಡಿ. ಒಬ್ಬ ಆ ಎರಡಕ್ಕೂ ಹತ್ತಿರದ ಅಂಕ ಕೊಟ್ಟರೆ ಅವನ ಉಳಿದ ಅಂಕಗಳನ್ನೂ ನಂಬಬಹುದು. ಒಂದಕ್ಕೆ ಎಂಟು ಇನ್ನೊಂದಕ್ಕೆ ನಾಲ್ಕು ಕೊಟ್ಟರೆ ಅವತ್ತಿನ ಅವನ ಹಾಳೆ ಪಕ್ಕಕ್ಕಿಡಿ.

ಮಡಗಾಂವ್‌ವಾಸಿ ಉತ್ತರಿಸಿದ್ದು:

ಗೋವಾದ ಮಾತು ಬಂದಿದ್ದಕ್ಕೆ ನಾನೂ ಎರಡು ಮಾತು. ಇಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಊರು ಗೋಕಾಕ. ಪಾಲ್ ಜಾನ್ ತಯಾರಾಗುವ ಕುಂಕಳ್ಳಿ ಮಡಗಾಂವ್‌ನಿಂದ ದಕ್ಷಿಣಕ್ಕೆ ಸ್ವಲ್ಪ ದೂರ. ಕಂಪನಿಯ ಮೂಲ ಬೆಂಗಳೂರು, ಡಿಸ್ಟಿಲರಿ ಮಾತ್ರ ಇಲ್ಲಿ. ಅಲ್ಲಿ ಹೋಗಿ ನೋಡಲು ಏರ್ಪಾಟು ಇದೆ, ನಾನು ಒಮ್ಮೆ ತಮ್ಮನನ್ನು ಕರೆದುಕೊಂಡು ಹೋಗಿದ್ದೆ.

ಪೀಪಾಯಿ ಇಟ್ಟ ಉಗ್ರಾಣದ ಬಾಗಿಲು ತೆರೆದಾಗ ಬಂದ ವಾಸನೆ ಇವತ್ತಿಗೂ ನೆನಪಿದೆ. ಹಸಿ ಮರ, ಮಾಗಿದ ಬಾಳೆಹಣ್ಣು, ಅದರ ಹಿಂದೆ ಬೆಲ್ಲ ಕುದಿಯುವ ಆಲೆಮನೆ. ಕೂಡಲೇ ನನಗೆ ಘಟಪ್ರಭೆಯ ದಂಡೆಯ ಆಲೆಮನೆ ಕಣ್ಣ ಮುಂದೆ ಬಂತು. ಆ ಘಮ ಸುಮ್ನೆ ಬರುವುದಲ್ಲ, ಪೀಪಾಯಿಯ ಮರದ ಸಂದಿಯಿಂದ ವಿಸ್ಕಿ ಆವಿಯಾಗಿ ಹೋಗುತ್ತಿರುವ ಘಮ ಅದು. ಅದಕ್ಕೆ ದೇವತೆಗಳ ಪಾಲು ಅಂತ ಹೆಸರು. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಶೇ 2ರಷ್ಟು ಹೋದರೆ, ಬೆಂಗಳೂರಿನ ಅಮೃತ್‌ನಲ್ಲಿ ಶೇ 10ರಿಂದ 12 ಹೋಗುತ್ತದೆ. ಅಮೃತ್‌ನವರು 2013ರಲ್ಲಿ 8 ವರ್ಷ ಇಟ್ಟ ಒಂದು ವಿಸ್ಕಿ ತಂದಾಗ ಅದಕ್ಕೆ ಗ್ರೀಡಿ ಏಂಜಲ್ಸ್ ಅಂತಲೇ ಹೆಸರಿಟ್ಟರು, ಅಂದರೆ ದುರಾಸೆಯ ದೇವತೆಗಳು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಗೆಳೆಯರಲ್ಲಿ ಯಾರಾದರೂ "ಬ್ಲ್ಯಾಕ್ ಲೇಬಲ್ 12 ವರ್ಷದ್ದು, ಇವುಗಳ ಮೇಲೆ ವರ್ಷವೇ ಬರೆದಿಲ್ಲ" ಅಂತ ಹೇಳಿಯೇ ಹೇಳುತ್ತಾರೆ. ವರ್ಷವನ್ನು ನೇರವಾಗಿ ಹೋಲಿಸಲು ಬರುವುದಿಲ್ಲ. ಸೆಕೆ ಇರುವ ಕಡೆ ವಿಸ್ಕಿ ಮರದ ಒಳಗೆ ಹೊರಗೆ ಬೇಗ ಬೇಗ ಓಡಾಡುತ್ತದೆ, ಮರದ ರುಚಿ ಬೇಗ ಹೀರುತ್ತದೆ. ಸ್ಕಾಚ್ ಅನ್ನಿಸಿಕೊಳ್ಳಲು ಅಲ್ಲಿ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಇಲ್ಲಿನ ಸೆಕೆಯಲ್ಲಿ 12 ವರ್ಷ ಬಿಟ್ಟರೆ ಪೀಪಾಯಿಯಲ್ಲಿ ಏನು ಉಳಿದೀತು? ಹಲಸು ನಮ್ಮಲ್ಲಿ ಬೇಗ ಹಣ್ಣಾಗುತ್ತದೆ, ಅದಕ್ಕೆ ಅದು ಎಳಸು ಅಂತ ಯಾರಾದರೂ ಅಂತಾರಾ? ಇನ್ನೊಂದು, ಬ್ಲ್ಯಾಕ್ ಲೇಬಲ್ ಮೇಲಿನ 12 ಅಂದರೆ ಅದರಲ್ಲಿ ಬೆರೆಸಿದ ವಿಸ್ಕಿಗಳಲ್ಲಿ ಎಲ್ಲಕ್ಕಿಂತ ಕಿರಿಯದಕ್ಕೆ 12 ವರ್ಷ ಅಂತ.

ಹಾಗೆಯೇ ಬ್ಲ್ಯಾಕ್ ಲೇಬಲ್ ಬ್ಲೆಂಡ್ ಅಂತ ಕೀಳು ಮಾಡಬೇಡಿ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ, ನಮ್ಮ ಮನೆಗಳಲ್ಲಿ ರಾಗಿ ಮೊಳಕೆ ಕಟ್ಟಿ ಮಾಲ್ಟ್ ಮಾಡುತ್ತಾರಲ್ಲ, ಅದೇ ಕೆಲಸ. ಒಂದೇ ಡಿಸ್ಟಿಲರಿಯಲ್ಲಿ ಆ ಮಾಲ್ಟಿನಿಂದಲೇ ಮಾಡಿದ್ದು ಸಿಂಗಲ್ ಮಾಲ್ಟ್. ಬ್ಲೆಂಡ್‌ನಲ್ಲಿ ಹಲವು ಕಡೆಯ ಮಾಲ್ಟ್ ಮತ್ತು ಬೇರೆ ಧಾನ್ಯದ ವಿಸ್ಕಿ ಸೇರಿರುತ್ತದೆ. ಬೆರೆಸುವುದೂ ದೊಡ್ಡ ಕೈಕೆಲಸ. ಅದಕ್ಕೂ ನಮ್ಮಲ್ಲಿ ಅಗ್ಗಕ್ಕೆ ಸಿಗುವ ಅನೇಕ ವಿಸ್ಕಿಗಳಿಗೂ ಸಂಬಂಧ ಇಲ್ಲ, ಇವು ಕಾಕಂಬಿಯಿಂದ ತೆಗೆದ ಸ್ಪಿರಿಟ್‌ಗೆ ಸ್ವಲ್ಪ ಮಾಲ್ಟ್ ಸೇರಿಸಿದವು. ಯುರೋಪಿನಲ್ಲಿ ಕಾಕಂಬಿಯದ್ದಕ್ಕೆ ವಿಸ್ಕಿ ಅನ್ನುವ ಹೆಸರೇ ಹಾಕುವಂತಿಲ್ಲ. ಅಂಥ ಹೊತ್ತಿನಲ್ಲಿ ಅಮೃತ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ಅನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ, ಸ್ಕಾಚ್‌ನವರ ಮನೆಬಾಗಿಲಲ್ಲೇ. ಕನ್ನಡದ ನೆಲದ ಒಂದು ಕಂಪನಿ ಇದನ್ನು ಮಾಡಿತು ಅನ್ನೋದು ನನಗೆ ಹೆಮ್ಮೆ. ಪಾಲ್ ಜಾನ್ 2012ರಲ್ಲಿ ಲಂಡನ್ನಿನಲ್ಲಿ ಬಿಡುಗಡೆಯಾಯಿತು.

ಸಾಲು ಕೇಳಿದ್ದಿರಿ. ಹೊಗೆ ಇಲ್ಲದ್ದು ಮೊದಲು, ಹೊಗೆಯದ್ದು ಕೊನೆಗೆ. ಟ್ರಿನಿಯಲ್ಲಿ ಹೊಗೆ ಇಲ್ಲ, ಬರ್ಬನ್, ಫ್ರೆಂಚ್ ವೈನ್ ಮತ್ತು ಶೆರಿ ಅನ್ನುವ ಸ್ಪೇನಿನ ವೈನ್, ಹೀಗೆ ಮೂರು ಬಗೆಯ ಪೀಪಾಯಿಯದ್ದು. ಬ್ಲ್ಯಾಕ್ ಲೇಬಲ್ ಮತ್ತು ಎಡಿಟೆಡ್‌ನಲ್ಲಿ ತೆಳು ಹೊಗೆ. ಫ್ಯೂಷನ್‌ನಲ್ಲಿ ಇಲ್ಲಿಯ ಜವೆಗೋಧಿಯ ಜೊತೆ ಪೀಟ್ ಹೊಗೆಗೆ ಹಿಡಿದ ಸ್ಕಾಟ್ಲೆಂಡಿನ ಜವೆಗೋಧಿ ಸೇರಿದೆ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಪಾಚಿ, ಹುಲ್ಲಿನ ಕರಿ ಹೆಂಟೆ. ಅದನ್ನು ಸುಟ್ಟ ಹೊಗೆಯಲ್ಲಿ ಮೊಳಕೆ ಕಾಳು ಒಣಗಿಸುತ್ತಾರೆ.

ಕೋಥ್ರೂಡ್ ಕನ್ನಡತಿ:

ಮಡಗಾಂವ್‌ನವರೇ, ಸಾಲಿನ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಸುಮ್ನೆ ಕೂತು ಸವಿಯುವುದಾದರೆ ನಿಮ್ಮ ಸಾಲೇ ಸರಿ. ಆದರೆ ಅಂಕ ಕೊಡುವುದಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲಿನಲ್ಲಿ ಕೊಡಬೇಕು. ಇಲ್ಲದಿದ್ದರೆ ಕೊನೆಯದಕ್ಕೆ ಯಾವಾಗಲೂ ಅದೇ ಲಾಭ ಅಥವಾ ಅದೇ ನಷ್ಟ.

ಹುಬ್ಬಳ್ಳಿ-ಹಿಂಜವಡಿ:

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಗೋವಾದ ಬಾಟಲಿ ಬೇಡ ಅಂತ ಗೆಳೆಯನಿಗೆ ಹೇಳಿಬಿಟ್ಟೆ. ಒಂದೇ ಸಂದೇಹ ಉಳಿಯಿತು. ಮಾತು ಎಲ್ಲಿಂದ ತರೋದು? ವಿಡಿಯೋದಲ್ಲಿ ಹೀದರ್ ಹೂವು, ಕ್ರಿಸ್ಮಸ್ ಕೇಕು, ಬ್ಲ್ಯಾಕ್‌ಬೆರಿ ಅಂತ ಹೇಳುತ್ತಾರೆ. ಹೀದರ್ ನಾನು ಕಣ್ಣಲ್ಲೂ ನೋಡಿಲ್ಲ.

ಮಡಗಾಂವ್‌ವಾಸಿ:

ಅವರ ಮಾತು ಅವರ ಮನೆಯದ್ದು. ನಾವು ನಮ್ಮ ಮನೆಯಿಂದ ತರಬೇಕು. ಶೆರಿ ಪೀಪಾಯಿಯ ವಿಸ್ಕಿ ನನಗೆ ನಮ್ಮೂರ ಕರದಂಟು. ಬೆಲ್ಲ, ಉತ್ತುತ್ತಿ, ಹುರಿದ ಅಂಟು, ಎಲ್ಲ ಇದೆ. ಬರ್ಬನ್ ಪೀಪಾಯಿಯದ್ದು ಧಾರವಾಡ ಪೇಢೆ, ಹಾಲು ಸಕ್ಕರೆ ಕಂದುವವರೆಗೆ ಹುರಿದ ವಾಸನೆ. ಇನ್ನು ಕೆಲವದರಲ್ಲಿ ಒಣಕೊಬ್ಬರಿ ಸಿಗುತ್ತದೆ, ಅದು ಓಕ್ ಮರದಿಂದಲೇ ಬರುವುದು.

ಮಾಟುಂಗಾ ಕೌಂಟರ್:

ಪೀಟ್‌ಗೆ ನನ್ನ ಮಾತು ಬಚ್ಚಲು ಒಲೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ, ತೆಂಗಿನ ಸಿಪ್ಪೆ ಹಾಕಿ ಅಜ್ಜಿ ಹಂಡೆಗೆ ಬೆಂಕಿ ಹಾಕುತ್ತಿದ್ದರು. ಆ ಹೊಗೆ ಕೂದಲಿಗೆ, ಮೈ ಒರೆಸುವ ಬೈರಾಸಿಗೆ ಹತ್ತಿ ಶಾಲೆಯವರೆಗೂ ಬರುತ್ತಿತ್ತು. ಟಾಲಿಸ್ಕರ್ ಅನ್ನುವ ಹೊಗೆಯ ಸ್ಕಾಚ್ ಮೊದಲ ಸಲ ಮೂಸಿದಾಗ ಆ ಬೈರಾಸು ನೆನಪಾಗಿ ಕೌಂಟರಿನಲ್ಲೇ ಒಂದು ನಿಮಿಷ ಸುಮ್ಮನೆ ನಿಂತೆ. ಇನ್ನೊಂದು ಕೆಲಸ ಹೇಳುತ್ತೇನೆ, ಪುಸ್ತಕದಲ್ಲಿ ಕಲಿತದ್ದಲ್ಲ, ರಾತ್ರಿ ಬಾರು ಮುಚ್ಚುವಾಗ ಗೊತ್ತಾದದ್ದು. ಲೋಟ ತೊಳೆಯಬೇಡಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಖಾಲಿ ಲೋಟ ಮೂಸಿ. ಆಲ್ಕೋಹಾಲ್ ಎಲ್ಲ ಹಾರಿ ಹೋಗಿರುತ್ತದೆ, ತಳದಲ್ಲಿ ಮರ, ಹೊಗೆ, ಹಣ್ಣು ಮಾತ್ರ ಒಣಗಿ ಅಂಟಿಕೊಂಡಿರುತ್ತದೆ.

ಹುಬ್ಬಳ್ಳಿ-ಹಿಂಜವಡಿ (ಮೂರು ವಾರದ ನಂತರ):

ಮೊನ್ನೆ ಶನಿವಾರ ಮಾಡಿದೆವು. ನಡೆದದ್ದನ್ನು ಹೇಳಲೇಬೇಕು.

ನನ್ನ ಹೆಂಡತಿ ಕುಡಿಯುವುದಿಲ್ಲ, ಅವಳೇ ಅಡುಗೆಮನೆಯಲ್ಲಿ ಸುರಿದು, ಸಿರಿಂಜಿನಲ್ಲಿ ನೀರು ಅಳೆದು, ಕಾಗದ ಮಡಚಿ ಡಬ್ಬಿಯಲ್ಲಿಟ್ಟಳು. ಒಬ್ಬರಿಗೆ ಐದು ಸ್ಟೀಲ್ ಲೋಟ, ಒಟ್ಟು ಇಪ್ಪತ್ತೈದು, ಅಕ್ಕಪಕ್ಕದ ಮನೆಯಿಂದಲೂ ತರಬೇಕಾಯಿತು. ಒಬ್ಬೊಬ್ಬರಿಗೆ ಒಂದೊಂದು ಸಾಲು ಮಾಡಲು ಆಗಲಿಲ್ಲ, ಎಲ್ಲರಿಗೂ ಒಂದೇ ಸಾಲು ಆಯಿತು, ಅದು ನಮ್ಮ ತಪ್ಪು. ಬರೆದು ಮುಗಿಯುವವರೆಗೆ ಯಾರೂ ಮಾತಾಡಬಾರದು ಅಂತ ನಿಯಮ. ಮುಕ್ಕಾಲು ಗಂಟೆ ನಮ್ಮ ಮನೆಯಲ್ಲಿ ಅಷ್ಟು ಮೌನ ಯಾವತ್ತೂ ಇದ್ದಿಲ್ಲ, ಪೆನ್ನಿನ ಸದ್ದು ಮತ್ತು ಫ್ಯಾನು ಮಾತ್ರ.

ಅಂಕ ಈ ಸಲ ಚೆಲ್ಲಾಪಿಲ್ಲಿಯಾಗಿತ್ತು, ನನಗೆ ಅದೇ ಖುಷಿ. ಐದು ಜನರಲ್ಲಿ ಮೂವರ ಮೊದಲ ಆಯ್ಕೆ ಬೇರೆ ಬೇರೆ. ಸದಾ ಸಿಂಗಲ್ ಮಾಲ್ಟ್ ಮಾತ್ರ ಅನ್ನುವ ಗೆಳೆಯ ಅತಿ ಹೆಚ್ಚು ಅಂಕ ಕೊಟ್ಟ ಲೋಟದ ಮುಂದೆ "ಎಲ್ಲ ಹದವಾಗಿ ಬೆರೆತಿದೆ" ಅಂತ ಬರೆದಿದ್ದ, ಆಮೇಲೆ ನೋಡಿದರೆ ಅದು ಬ್ಲ್ಯಾಕ್ ಲೇಬಲ್. ಮಾತುಗಳೂ ಬದಲಾಗಿದ್ದವು. ಎಡಿಟೆಡ್‌ಗೆ ಒಬ್ಬ ಹುರಿದ ಕಾಫಿ ಬೀಜ ಅಂತ, ಇನ್ನೊಬ್ಬ ಜೋನಿ ಬೆಲ್ಲ ಅಂತ ಬರೆದಿದ್ದ. ಫ್ಯೂಷನ್‌ಗೆ ನಾನು ಬರೆದದ್ದು ಸುಟ್ಟ ಕಿತ್ತಳೆ ಸಿಪ್ಪೆ. ಎರಡನೆಯ ಲೋಟಕ್ಕೆ ನಾನು ಏಳು ಕೊಟ್ಟಿದ್ದೆ, ಐದನೆಯದಕ್ಕೆ ಐದು, ಪಕ್ಕದಲ್ಲಿ "ಸಪ್ಪೆ, ನೀರು ಜಾಸ್ತಿ" ಅಂತ ಬರೆದಿದ್ದೆ. ಹೊತ್ತಾಗಿತ್ತು, ಊಟ ಮಾಡಿ ಎಲ್ಲರೂ ಇಲ್ಲೇ ಮಲಗಿದರು, ಯಾರೂ ಗಾಡಿ ಓಡಿಸಬಾರದು ಅಂತ ಮೊದಲೇ ಮಾತಾಗಿತ್ತು. ಕಾಗದ ಬೆಳಿಗ್ಗೆ ತೆಗೆಯೋಣ ಅಂದೆವು. ಲೋಟ ತೊಳೆಯಲಿಲ್ಲ.

ಬೆಳಿಗ್ಗೆ ಶಿರಸಿಯವನು ಎಲ್ಲರಿಗಿಂತ ಮೊದಲು ಎದ್ದಿದ್ದ. ನಾನು ಚಹಾ ಇಡಲು ಬಂದಾಗ ಅವನು ಡೈನಿಂಗ್ ಟೇಬಲ್ ಮುಂದೆ ಕೂತು ತನ್ನ ಐದು ಲೋಟ ಒಂದೊಂದಾಗಿ ಮೂಗಿಗೆ ಹಿಡಿಯುತ್ತಿದ್ದ. ರಾತ್ರಿ ಅವನ ಹಾಳೆಯಲ್ಲಿ ಅಂಕ ಮಾತ್ರ ಇತ್ತು, ಒಂದು ಮಾತೂ ಇರಲಿಲ್ಲ. ನಾಲ್ಕನೆಯ ಲೋಟ ನನ್ನ ಕಡೆ ತಳ್ಳಿ "ಇದು ನಮ್ಮನೆ ಅಡಿಕೆ ಬೇಯಿಸೋ ಒಲೆ, ಮಾರನೇ ದಿನದ ಬೂದಿ" ಅಂದ. ಅದು ಫ್ಯೂಷನ್. ಆಮೇಲೆ ಎರಡನೆಯದನ್ನೂ ಐದನೆಯದನ್ನೂ ಕೈಯಲ್ಲಿ ಹಿಡಿದು, ಒಂದು ಸಲ ಇದು, ಒಂದು ಸಲ ಅದು, ಮತ್ತೆ ಇದು, ಹೀಗೆ ತುಂಬಾ ಹೊತ್ತು ಮೂಸಿದ. ಎರಡನ್ನೂ ಸಾಲಿನಿಂದ ಹೊರಗೆ ತೆಗೆದು ಪಕ್ಕಪಕ್ಕ ಇಟ್ಟು ಹೇಳಿದ:

"ಇವೆರಡೂ ಒಂದೇ ಕಣೋ. ಎರಡರಲ್ಲೂ ಅಮ್ಮನ ಉತ್ತುತ್ತಿ ಡಬ್ಬದ ವಾಸನೆ."

ಹೆಂಡತಿ ಅಡುಗೆಮನೆಯಿಂದ ಕಾಗದ ತಂದು ಬಿಚ್ಚಿದಳು. ಎರಡು, ಇಂದ್ರಿ. ಐದು, ಇಂದ್ರಿ.